ಎಪ್ಪತ್ತು ವರ್ಷ ಏರಿ, ಎಪ್ಪತ್ತು ವರ್ಷ ಇಳಿದ ಕೌಂಟಿ

1880ರ ಜನಗಣತಿಯಲ್ಲಿ 3,074 ಜನ. 1950ರಲ್ಲಿ 98,887. 2020ರಲ್ಲಿ 19,111. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ಮ್ಯಾಕ್‌ಡೊವೆಲ್ ಕೌಂಟಿಯ ಚರಿತ್ರೆಯನ್ನು ಈ ಮೂರು ಅಂಕಿಗಳು ಹೇಳಿಬಿಡುತ್ತವೆ. ಎಪ್ಪತ್ತು ವರ್ಷಗಳಲ್ಲಿ ಜನಸಂಖ್ಯೆ ಮೂವತ್ತೆರಡು ಪಟ್ಟಾಯಿತು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಐದು ಪಾಲಿನಲ್ಲಿ ನಾಲ್ಕು ಪಾಲು ಕರಗಿತು.

ಕೌಂಟಿ ಅಂದರೆ ಆಡಳಿತದ ಲೆಕ್ಕದಲ್ಲಿ ನಮ್ಮ ಜಿಲ್ಲೆಯಂಥದು. ಮ್ಯಾಕ್‌ಡೊವೆಲ್‌ನ ವಿಸ್ತಾರ ಸುಮಾರು 1,386 ಚದರ ಕಿಲೋಮೀಟರ್. ಎತ್ತ ನೋಡಿದರೂ ಅಪಲಾಚಿಯನ್ ಬೆಟ್ಟಗಳು. ಬೆಟ್ಟಗಳ ನಡುವೆ ಇಕ್ಕಟ್ಟಾದ ಕಣಿವೆ, ಕಣಿವೆಯ ತಳದಲ್ಲಿ ಹೊಳೆ, ಹೊಳೆಯ ಬದಿಗೆ ರೈಲು ಹಳಿ, ಹಳಿಗೆ ಒತ್ತಿಕೊಂಡು ರಸ್ತೆ, ರಸ್ತೆಗೆ ಅಂಟಿಕೊಂಡು ಮನೆಗಳು. ಮಟ್ಟಸವಾದ ನೆಲ ಸಿಗುವುದೇ ಕಷ್ಟ. ಬೇಸಾಯ ಮಾಡಿ ಲಕ್ಷದ ಹತ್ತಿರ ಜನ ಬದುಕುವ ಜಾಗ ಇದಲ್ಲ. ಆದರೂ ಅಷ್ಟು ಜನ ಬಂದರು. ಬಂದದ್ದು ನೆಲದ ಮೇಲಿನದಕ್ಕಲ್ಲ, ನೆಲದ ಒಳಗಿನದಕ್ಕೆ.

ಒಳಗಿದ್ದದ್ದು ಪೊಕಹಾಂಟಸ್ ಕಲ್ಲಿದ್ದಲು. ಉರಿಸಿದರೆ ಹೊಗೆ ಕಡಿಮೆ, ಗಂಧಕ ಕಡಿಮೆ, ಶಾಖ ಹೆಚ್ಚು. ನೌಕಾಪಡೆಯ ಹಡಗುಗಳಿಗೂ ಅದೇ ಬೇಕಿತ್ತು, ಉಕ್ಕಿನ ಕುಲುಮೆಗಳಿಗೆ ಬೇಕಾದ ಕೋಕ್ ತಯಾರಿಸಲೂ ಅದೇ ಬೇಕಿತ್ತು. 1880ರ ದಶಕದಲ್ಲಿ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲು ಬೆಟ್ಟ ಕೊರೆದು ಈ ಕಣಿವೆಗಳಿಗೆ ಇಳಿಯಿತು. ಅಲ್ಲಿಂದಾಚೆಗೆ ಜನಗಣತಿಯ ಪುಟಗಳನ್ನು ಓದಿದರೆ ಉಸಿರು ಕಟ್ಟುತ್ತದೆ: 1890ರಲ್ಲಿ 7,300, 1900ರಲ್ಲಿ 18,747, 1910ರಲ್ಲಿ 47,856, 1920ರಲ್ಲಿ 68,571, 1930ರಲ್ಲಿ 90,479. ಹಂಗೇರಿ, ಇಟಲಿ, ಪೋಲೆಂಡ್‌ಗಳಿಂದ ಜನ ಬಂದರು. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳ ಜೀತದಂಥ ಬದುಕು ಬಿಟ್ಟು ಕರಿಯ ಕುಟುಂಬಗಳು ಸಾವಿರಗಟ್ಟಲೆ ಬಂದವು. ಗಣಿ ಕಂಪನಿಗಳೇ ಊರು ಕಟ್ಟಿದವು. ಮನೆ ಕಂಪನಿಯದು, ನೀರಿನ ಕೊಳವೆ ಕಂಪನಿಯದು, ಅಂಗಡಿಯೂ ಕಂಪನಿಯದು. ಎಷ್ಟೋ ಕಡೆ ಸಂಬಳವನ್ನೂ ಆ ಅಂಗಡಿಯಲ್ಲಿ ಮಾತ್ರ ನಡೆಯುವ ಕಂಪನಿ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ಗ್ಯಾರಿ ಎಂಬ ಪಟ್ಟಣಕ್ಕೆ ಹೆಸರು ಬಂದದ್ದೇ ಯು.ಎಸ್. ಸ್ಟೀಲ್ ಕಂಪನಿಯ ಅಧ್ಯಕ್ಷ ಎಲ್ಬರ್ಟ್ ಗ್ಯಾರಿಯಿಂದ.

ಆ ಏರುಗಾಲದಲ್ಲಿ ಈ ಪುಟ್ಟ ಕೌಂಟಿ ಕಂಡದ್ದು ಎಷ್ಟೆಂದು ನೋಡಿ. 1921ರ ಆಗಸ್ಟ್ 1ರಂದು ಗಣಿ ಕಾರ್ಮಿಕರ ಪರ ನಿಂತಿದ್ದ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್‌ನನ್ನು ಕೌಂಟಿಯ ಕೇಂದ್ರವಾದ ವೆಲ್ಚ್‌ನ ನ್ಯಾಯಾಲಯದ ಮೆಟ್ಟಿಲ ಮೇಲೆ ಗುಂಡಿಟ್ಟು ಕೊಂದರು. ಆ ಸಿಟ್ಟು ಅದೇ ತಿಂಗಳ ಕೊನೆಗೆ ಬ್ಲೇರ್ ಬೆಟ್ಟದಲ್ಲಿ ಸಾವಿರಾರು ಕಾರ್ಮಿಕರ ಸಶಸ್ತ್ರ ಹೋರಾಟವಾಗಿ ಸಿಡಿಯಿತು. 1928ರಲ್ಲಿ ಇಲ್ಲಿನ ಕೀಸ್ಟೋನ್ ಊರಿನ ಮಿನ್ನೀ ಬಕಿಂಗ್‌ಹ್ಯಾಮ್ ಹಾರ್ಪರ್ ಶಾಸಕಿಯಾದರು. ಅಮೆರಿಕದ ಯಾವುದೇ ಶಾಸನಸಭೆಗೆ ಕಾಲಿಟ್ಟ ಮೊದಲ ಕರಿಯ ಮಹಿಳೆ ಅವರು. ಅದೇ ವರ್ಷ ಕಿಂಬಲ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕರಿಯ ಯೋಧರಿಗಾಗಿ ಸ್ಮಾರಕ ಭವನ ಎದ್ದಿತು. 1940ರ ಜನವರಿ 10ರಂದು ಬಾರ್ಟ್ಲಿ ಗಣಿ ಸ್ಫೋಟದಲ್ಲಿ ಒಂದೇ ದಿನ 91 ಜನ ಸತ್ತರು. ಮರುವರ್ಷ ವೆಲ್ಚ್ ಪಟ್ಟಣದಲ್ಲಿ ಪುರಸಭೆಯೇ ಕಾರು ನಿಲ್ಲಿಸಲು ಬಹುಮಹಡಿ ಕಟ್ಟಡ ಕಟ್ಟಬೇಕಾಯಿತು. ಇಕ್ಕಟ್ಟಿನ ಕಣಿವೆಯಲ್ಲಿ ಕಾರುಗಳಿಗೆ ಜಾಗವಿರಲಿಲ್ಲ, ಅಷ್ಟು ಜನ, ಅಷ್ಟು ದುಡ್ಡು.

1950ರಲ್ಲಿ ಅಂಕಿ 98,887ಕ್ಕೆ ಬಂದು ನಿಂತಿತು. ಒಂದು ಲಕ್ಷಕ್ಕೆ 1,113 ಕಡಿಮೆ. ಆ ಲಕ್ಷವನ್ನು ಮ್ಯಾಕ್‌ಡೊವೆಲ್ ಯಾವ ಗಣತಿಯಲ್ಲೂ ಮುಟ್ಟಲಿಲ್ಲ.

ಕಲ್ಲಿದ್ದಲು ಮುಗಿದದ್ದರಿಂದ ಜನ ಹೋದರು ಎಂದುಕೊಳ್ಳುವುದು ಸಹಜ. ನಿಜ ಅದಲ್ಲ, ನನ್ನನ್ನು ಹೆಚ್ಚು ಕಾಡುವುದೂ ಇದೇ ಸಂಗತಿ. 1940ರ ದಶಕದ ಕೊನೆಗೆ ಕಲ್ಲಿದ್ದಲನ್ನು ಕೊರೆಯುವುದು, ಒಡೆಯುವುದು, ತುಂಬುವುದು ಎಲ್ಲವನ್ನೂ ಒಂದೇ ಸಮ ಮಾಡುವ ಯಂತ್ರಗಳು ಗಣಿಗಿಳಿದವು. 1950ರಲ್ಲಿ ಗಣಿ ಕಾರ್ಮಿಕರ ಸಂಘದ ನಾಯಕ ಜಾನ್ ಎಲ್. ಲೂಯಿಸ್ ಮಾಲೀಕರೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಕೂಲಿ ಏರಿತು, ವೈದ್ಯಕೀಯ ಮತ್ತು ಪಿಂಚಣಿ ನಿಧಿ ಭದ್ರವಾಯಿತು, ಅದಕ್ಕೆ ಪ್ರತಿಯಾಗಿ ಯಂತ್ರಗಳಿಗೆ ಸಂಘ ಅಡ್ಡಿ ಮಾಡಲಿಲ್ಲ. ಇಡೀ ದೇಶದಲ್ಲಿ ನಾಲ್ಕು ಲಕ್ಷ ಮೀರಿದ್ದ ಗಣಿ ಕಾರ್ಮಿಕರು ಹತ್ತೇ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಕೆಳಗಿಳಿದರು. ಮ್ಯಾಕ್‌ಡೊವೆಲ್‌ನ ಜನಸಂಖ್ಯೆ 1960ರಲ್ಲಿ 71,359. ಆ ಹತ್ತು ವರ್ಷಗಳಲ್ಲಿ 27,528 ಜನ ಕಡಿಮೆಯಾದರು. ಭಾಗಿಸಿ ನೋಡಿದರೆ ಹತ್ತು ವರ್ಷವೂ ದಿನಕ್ಕೆ ಏಳೆಂಟು ಜನ. ಅದೂ ಮಕ್ಕಳು ಹುಟ್ಟುತ್ತಲೇ ಇದ್ದ ಕಾಲದಲ್ಲಿ. ಹಾಗಾಗಿ ಊರು ಬಿಟ್ಟವರ ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ಅತ್ತ ಗಣಿಗಳಿಂದ ಕಲ್ಲಿದ್ದಲಿನ ರೈಲುಗಳು ಹೊರಡುವುದು ಮಾತ್ರ ನಿಲ್ಲಲಿಲ್ಲ.

ಜಾನ್ ಕೆನಡಿ 1960ರ ಚುನಾವಣಾ ಪ್ರಚಾರದಲ್ಲಿ ಈ ಕೌಂಟಿಯ ಹೆಸರು ಹಿಡಿದೇ ಮಾತಾಡಿದರು. ಹಿಂದೆಂದಿಗಿಂತ ಹೆಚ್ಚು ಕಲ್ಲಿದ್ದಲು ತೆಗೆಯುತ್ತಿರುವ ಮ್ಯಾಕ್‌ಡೊವೆಲ್‌ನಲ್ಲೇ ಸರ್ಕಾರದ ಉಚಿತ ಆಹಾರದ ಪೊಟ್ಟಣಕ್ಕೆ ಕೈಯೊಡ್ಡುವವರು ಬೇರೆಲ್ಲ ಕೌಂಟಿಗಳಿಗಿಂತ ಹೆಚ್ಚಿದ್ದಾರೆ ಎಂಬುದು ಅವರ ಮಾತಿನ ಸಾರ. ಅಧ್ಯಕ್ಷರಾದ ಮರುದಿನವೇ ಅವರು ಹೊರಡಿಸಿದ ಮೊದಲ ಆದೇಶ ಬಡ ಕುಟುಂಬಗಳಿಗೆ ಆಹಾರ ಹೆಚ್ಚಿಸುವ ಬಗ್ಗೆ. 1961ರ ಮೇ 29ರಂದು ಪ್ರಾಯೋಗಿಕ ಫುಡ್ ಸ್ಟ್ಯಾಂಪ್ ಯೋಜನೆಯ ಮೊದಲ ಚೀಟಿಗಳು ಕೈ ಸೇರಿದ್ದು ಈ ಕೌಂಟಿಯ ಒಂದು ಕುಟುಂಬಕ್ಕೆ. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕನ ಮನೆ, 15 ಜನರ ಸಂಸಾರ, 95 ಡಾಲರ್ ಚೀಟಿ. ಆ ಚೀಟಿ ಕೊಟ್ಟು ಮೊದಲು ಕೊಂಡದ್ದು ಡಬ್ಬಿಯಲ್ಲಿ ಬರುವ ಹಂದಿ ಮಾಂಸ ಬೆರೆಸಿದ ಹುರುಳಿಕಾಯಿ ಬೀಜ. ಆ 15 ಜನರಿಂದ ಆರಂಭವಾದ ಯೋಜನೆಯ ಪಟ್ಟಿಯಲ್ಲಿ ಈ ದಶಕದ ಆರಂಭದಲ್ಲಿ ಇದ್ದವರು 4 ಕೋಟಿಗೂ ಹೆಚ್ಚು. ಒಂದು ದೇಶದ ಹಸಿವಿನ ಲೆಕ್ಕಪುಸ್ತಕದ ಮೊದಲ ಸಾಲು ಬರೆದದ್ದು, ಆ ದೇಶದ ಉಕ್ಕಿಗೆ ಬೆಂಕಿ ಕೊಟ್ಟ ನೆಲದಲ್ಲಿ.

1970ರ ದಶಕದಲ್ಲಿ ತೈಲದ ಬೆಲೆ ಏರಿ ಕಲ್ಲಿದ್ದಲಿಗೆ ಮತ್ತೆ ಕಳೆ ಬಂದಿತು. 1970ರಲ್ಲಿ 50,666 ಇದ್ದ ಜನಸಂಖ್ಯೆ 1980ರಲ್ಲೂ 49,899 ಇತ್ತು. ಇಳಿಜಾರಿನಲ್ಲಿ ಸಿಕ್ಕ ಏಕೈಕ ಸಮತಟ್ಟು ಅದು. ಆಮೇಲೆ ಉಕ್ಕಿನ ಉದ್ಯಮವೇ ಕುಸಿಯಿತು, 1986ರ ಹೊತ್ತಿಗೆ ಯು.ಎಸ್. ಸ್ಟೀಲ್ ಗ್ಯಾರಿಯ ಗಣಿಗಳನ್ನು ಮುಚ್ಚಿತು. 1990ರ ಗಣತಿ: 35,233. ಹತ್ತು ಜನರಲ್ಲಿ ಮೂವರು ಇಲ್ಲ.

ಇದನ್ನು ಇನ್ನೂ ದೊಡ್ಡ ಚೌಕಟ್ಟಿನಲ್ಲಿ ಇಟ್ಟು ನೋಡಬೇಕು. 1950ರಿಂದ 2020ರವರೆಗೆ ಅಮೆರಿಕದ ಜನಸಂಖ್ಯೆ ಸುಮಾರು 15 ಕೋಟಿಯಿಂದ 33 ಕೋಟಿಗೆ ಬೆಳೆಯಿತು. ದೇಶದ ಜೊತೆ ಹೆಜ್ಜೆ ಹಾಕಿದ್ದರೆ ಮ್ಯಾಕ್‌ಡೊವೆಲ್‌ನಲ್ಲಿ ಈಗ ಎರಡು ಲಕ್ಷ ಮೀರಿ ಜನ ಇರಬೇಕಿತ್ತು. ಇರುವುದು ಅದರ ಹತ್ತನೇ ಒಂದು ಪಾಲೂ ಅಲ್ಲ. ಇದೇ ಅವಧಿಯಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯವೂ 20,05,552ರಿಂದ 17,93,716ಕ್ಕೆ ಇಳಿಯಿತು. ಇಡೀ ರಾಜ್ಯದ ನಿವ್ವಳ ಇಳಿಕೆ 2,11,836. ಮ್ಯಾಕ್‌ಡೊವೆಲ್ ಒಂದರದ್ದೇ 79,776. ರಾಜ್ಯದ 55 ಕೌಂಟಿಗಳಲ್ಲಿ ಒಂದು ಕಳೆದುಕೊಂಡದ್ದು, ರಾಜ್ಯದ ಒಟ್ಟು ಇಳಿಕೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ಹೋದವರ ಲೆಕ್ಕ ಇಷ್ಟಾಯಿತು. ಉಳಿದವರ ಲೆಕ್ಕ ಇದಕ್ಕಿಂತ ಕಠಿಣ.

ವಾಷಿಂಗ್ಟನ್ ನಗರದ ಮಗ್ಗುಲಲ್ಲಿ, ಪಕ್ಕದ ವರ್ಜೀನಿಯಾ ರಾಜ್ಯದಲ್ಲಿ ಫೇರ್‌ಫ್ಯಾಕ್ಸ್ ಎಂಬ ಕೌಂಟಿಯಿದೆ. ಮ್ಯಾಕ್‌ಡೊವೆಲ್‌ನಿಂದ ಅಲ್ಲಿಗೆ ಸುಮಾರು 560 ಕಿಲೋಮೀಟರ್ ರಸ್ತೆ, ಒಂದು ಹಗಲಿನ ಪ್ರಯಾಣ. ಫೇರ್‌ಫ್ಯಾಕ್ಸ್‌ನ ಗಂಡಸಿನ ಸರಾಸರಿ ಆಯುಷ್ಯ 82 ವರ್ಷ, ಮ್ಯಾಕ್‌ಡೊವೆಲ್‌ನ ಗಂಡಸಿನದು 64. ಹೆಂಗಸರಲ್ಲಿ 85 ಮತ್ತು 73. ಇದು 2010ರ ಸುಮಾರಿನ ಲೆಕ್ಕ. ಆ ಹೊತ್ತಿಗೆ ಭಾರತದ ಗಂಡಸಿನ ಸರಾಸರಿ ಆಯುಷ್ಯವೂ 65ರ ಆಸುಪಾಸಿನಲ್ಲಿತ್ತು. ಜಗತ್ತಿನ ಅತಿ ಸಿರಿವಂತ ದೇಶದ ಒಂದು ಮೂಲೆಯಲ್ಲಿ ಹುಟ್ಟಿದವನು, ತನ್ನ ದೇಶದ ಇನ್ನೊಂದು ಮೂಲೆಯಲ್ಲಿ ಹುಟ್ಟಿದವನಿಗಿಂತ ಹದಿನೆಂಟು ವರ್ಷ ಮುಂಚೆ ಸಾಯುತ್ತಾನೆ. ನಿವೃತ್ತಿ, ಮೊಮ್ಮಕ್ಕಳು, ನೆಮ್ಮದಿಯ ಮುಪ್ಪು ಎಲ್ಲವೂ ಆ ಹದಿನೆಂಟರಲ್ಲೇ ಇರುತ್ತವೆ. ಶ್ವಾಸಕೋಶದಲ್ಲಿ ಕಲ್ಲಿದ್ದಲಿನ ಧೂಳು, ಹೃದ್ರೋಗ, ಸಕ್ಕರೆ ಕಾಯಿಲೆ, ತಂಬಾಕು ಒಂದು ಕಡೆ. ಗಣಿಯಲ್ಲಿ ಬೆನ್ನು, ಮಂಡಿ ಸವೆಸಿಕೊಂಡವರಿಗೆ ಯದ್ವಾತದ್ವಾ ಬರೆದುಕೊಟ್ಟ ಅಫೀಮು ಜಾತಿಯ ನೋವಿನ ಮಾತ್ರೆಗಳು ಇನ್ನೊಂದು ಕಡೆ. ಮಾತ್ರೆಗಳ ಚಟ ಒಂದು ಇಡೀ ತಲೆಮಾರನ್ನು ಹಿಡಿಯಿತು. ಸುಮಾರು ಹತ್ತು ವರ್ಷದ ಹಿಂದಿನ ಶಾಲಾ ಲೆಕ್ಕದ ಪ್ರಕಾರ ಇಲ್ಲಿನ ನೂರು ಮಕ್ಕಳಲ್ಲಿ 46 ಮಕ್ಕಳು ಹೆತ್ತವರ ಜೊತೆ ಇರಲಿಲ್ಲ. ಸತ್ತವರು, ಜೈಲು ಸೇರಿದವರು, ಚಟಕ್ಕೆ ಬಿದ್ದವರು, ಕೆಲಸ ಹುಡುಕಿ ಹೋದವರು. ಅಜ್ಜಿ ತಾತಂದಿರು ಎರಡನೇ ಸಲ ಮಕ್ಕಳನ್ನು ಸಾಕುತ್ತಿದ್ದಾರೆ, ಅದೂ ಇಷ್ಟು ಕಿರಿದಾದ ಆಯುಷ್ಯದ ಊರಿನಲ್ಲಿ.

ಹಣದ ವಿಷಯದಲ್ಲೂ ಒಂದು ಲೆಕ್ಕ ಹೇಳಲೇಬೇಕು. ಕೀಸ್ಟೋನ್‌ನಲ್ಲಿ 2000ನೇ ಇಸವಿಯಲ್ಲಿ ಇದ್ದದ್ದು 453 ಜನ. ಅಷ್ಟು ಸಣ್ಣ ಊರಿನ ಫಸ್ಟ್ ನ್ಯಾಷನಲ್ ಬ್ಯಾಂಕ್ ಆಫ್ ಕೀಸ್ಟೋನ್ ತನ್ನ ಪುಸ್ತಕಗಳಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ಆಸ್ತಿ ತೋರಿಸುತ್ತಿತ್ತು. 1999ರ ಸೆಪ್ಟೆಂಬರ್‌ನಲ್ಲಿ ತಪಾಸಣೆಗಾರರು ಬಾಗಿಲು ಮುಚ್ಚಿಸಿದಾಗ, ಅದರಲ್ಲಿ ಸುಮಾರು 51 ಕೋಟಿ 50 ಲಕ್ಷ ಡಾಲರ್ ಸಾಲದ ಆಸ್ತಿ ಇಲ್ಲವೇ ಇಲ್ಲ ಎಂದು ಗೊತ್ತಾಯಿತು. ಊರಿನ ಜನಕ್ಕೆ ಹಂಚಿ ನೋಡಿದರೆ ತಲೆಗೆ 11 ಲಕ್ಷ ಡಾಲರ್. ಆ ಊರಿನಲ್ಲಿ ಅಷ್ಟು ಹಣವನ್ನು ಕಣ್ಣಿಂದ ಕಂಡವರು ಯಾರು?

2005ರಲ್ಲಿ ಕಿಂಬಲ್ ಬಳಿ ವಾಲ್‌ಮಾರ್ಟ್‌ನ ದೊಡ್ಡ ಮಳಿಗೆ ತೆರೆಯಿತು. 140ರಷ್ಟು ಜನಕ್ಕೆ ಕೆಲಸ, ಊರವರಿಗೆ ತಾಜಾ ಹಣ್ಣು ತರಕಾರಿ, ಔಷಧಿ, ಪರಿಚಿತರನ್ನು ಭೇಟಿಯಾಗಲು ಒಂದು ಜಾಗ. 2016ರ ಜನವರಿಯಲ್ಲಿ ಕಂಪನಿ ಜಗತ್ತಿನಾದ್ಯಂತ 269 ಮಳಿಗೆ ಮುಚ್ಚಿತು, ಇದೂ ಆ ಪಟ್ಟಿಯಲ್ಲಿತ್ತು. ಮಳಿಗೆಯಲ್ಲಿ ಉಳಿದ ಆಹಾರ ಬಡವರ ಅನ್ನದ ಭಂಡಾರಕ್ಕೆ ಹೋಗುತ್ತಿತ್ತು, ಅದೂ ನಿಂತಿತು. ಅಂಥ ದೊಡ್ಡ ಮಳಿಗೆ ಬೇಕೆಂದರೆ ಬೆಟ್ಟದ ತಿರುವು ರಸ್ತೆಗಳಲ್ಲಿ ಪಕ್ಕದ ಕೌಂಟಿಗೆ ಕಾರು ಓಡಿಸಬೇಕು. ಕಾರಿಲ್ಲದವರ ಗತಿ ಯೋಚಿಸಿ.

ಬೆಟ್ಟದ ಇಳಿಜಾರಿನಲ್ಲಿ ಮಳೆ ಸುರಿದರೆ ನೀರು ನಿಲ್ಲುವುದಿಲ್ಲ, ಮನೆಗಳಿರುವ ಆ ಒಂದೇ ಕಿರಿದಾದ ಪಟ್ಟಿಗೆ ನುಗ್ಗುತ್ತದೆ. 2001ರ ಜುಲೈನಲ್ಲಿ ನುಗ್ಗಿತು. ಕೊಚ್ಚಿದ್ದನ್ನು ಕಟ್ಟಿಕೊಳ್ಳುವ ಮೊದಲೇ 2002ರ ಮೇನಲ್ಲಿ ಮತ್ತೆ ನುಗ್ಗಿತು. 2025ರ ಫೆಬ್ರವರಿಯ ಪ್ರವಾಹದಲ್ಲಿ ಮೂವರು ಸತ್ತರು, ಅವರಲ್ಲಿ ಒಂದು ಪುಟ್ಟ ಮಗು. ಪ್ರತಿ ಪ್ರವಾಹದ ನಂತರ ಒಂದಷ್ಟು ಜನ ಮರಳಿ ಮನೆ ಕಟ್ಟುವುದಿಲ್ಲ.

ಇಷ್ಟಾದರೂ ಇಲ್ಲಿ ಉಳಿದವರು ಕೈಕಟ್ಟಿ ಕೂತಿಲ್ಲ. ಹಳೆಯ ಗಣಿ ದಾರಿಗಳಲ್ಲಿ ನಾಲ್ಕು ಚಕ್ರದ ಬೈಕು ಓಡಿಸುವ ಹ್ಯಾಟ್‌ಫೀಲ್ಡ್–ಮೆಕಾಯ್ ಹಾದಿಗಳಿಗೆ ಪ್ರವಾಸಿಗರು ಬರುತ್ತಾರೆ; ಗ್ಯಾರಿ, ವಾರ್, ವೆಲ್ಚ್ ಊರುಗಳಲ್ಲಿ ಅವರಿಗಾಗಿ ಕೋಣೆಗಳು, ಊಟದ ಮನೆಗಳು ತೆರೆದಿವೆ. ಹಿಂದೆ ಇದೇ ಕೌಂಟಿಯ ಕೋಲ್‌ವುಡ್ ಎಂಬ ಗಣಿ ಊರಿನ ಹುಡುಗ ಹೋಮರ್ ಹಿಕಮ್ ಮನೆಯಲ್ಲೇ ರಾಕೆಟ್ ಕಟ್ಟಿ ಹಾರಿಸಿ, ಮುಂದೆ ನಾಸಾದ ಎಂಜಿನಿಯರ್ ಆದ. ಆದರೆ ಈಗಿನ ಶಾಲೆಗಳಿಗೆ ಮೇಷ್ಟರುಗಳೇ ಸಿಗುವುದು ಕಷ್ಟ. ಬಂದವರಿಗೆ ವಾಸಕ್ಕೆ ಯೋಗ್ಯ ಮನೆ ಸಿಗದು ಎಂಬ ಕಾರಣಕ್ಕೆ, ಶಿಕ್ಷಕರ ಒಕ್ಕೂಟವೇ ಮುಂದೆ ನಿಂತು ವೆಲ್ಚ್‌ನಲ್ಲಿ ವಸತಿ ಕಟ್ಟಡ ಎಬ್ಬಿಸಬೇಕಾಯಿತು.

ಜನಗಣತಿಯ 19,111ರ ಬಗ್ಗೆಯೂ ಒಂದು ಮಾತಿದೆ. ಅಮೆರಿಕದ ಗಣತಿಯಲ್ಲಿ ಕೈದಿಗಳನ್ನು ಅವರ ಹುಟ್ಟೂರಿನಲ್ಲಲ್ಲ, ಜೈಲಿರುವ ಊರಿನಲ್ಲಿ ಎಣಿಸುತ್ತಾರೆ. ಮ್ಯಾಕ್‌ಡೊವೆಲ್‌ನ ಬೆಟ್ಟದ ಮೇಲೆ ಕೇಂದ್ರ ಸರ್ಕಾರದ ಒಂದು ಜೈಲಿದೆ. ವೆಲ್ಚ್ ಪಟ್ಟಣದಲ್ಲಿ, ಹಿಂದೆ ಆಸ್ಪತ್ರೆಯಾಗಿದ್ದ ಕಟ್ಟಡದಲ್ಲಿ ರಾಜ್ಯದ ಇನ್ನೊಂದು ಜೈಲಿದೆ. ಅಲ್ಲಿನ ಕೈದಿಗಳೂ ಆ 19,111ರೊಳಗೇ ಸೇರಿದ್ದಾರೆ. ಇಲ್ಲಿ ಮನೆಯಿಟ್ಟು ಬದುಕುವವರ ಸಂಖ್ಯೆ ಅದಕ್ಕಿಂತ ಕಡಿಮೆ.

ಕೊನೆಯದಾಗಿ ನೀರು. ಗಣಿ ಕಂಪನಿಗಳು ತಮ್ಮ ಊರುಗಳಿಗೆ ಹಾಕಿಸಿದ್ದ ಕೊಳವೆಗಳನ್ನು ಹೊರಡುವಾಗ ಬಿಟ್ಟು ಹೋದವು. ಸಾವಿರಾರು ಮನೆಗಳಿದ್ದಾಗ ಹಾಕಿದ ಕೊಳವೆಗಳನ್ನು ಕೆಲವೇ ನೂರು ಮನೆಗಳು ರಿಪೇರಿ ಮಾಡಿಸಿಕೊಳ್ಳಲಾರವು. ಕೆಲವು ಊರುಗಳಲ್ಲಿ ನೀರನ್ನು ಕುದಿಸಿಯೇ ಕುಡಿಯಿರಿ ಎಂಬ ಸೂಚನೆ ವರ್ಷಗಟ್ಟಲೆ ಜಾರಿಯಲ್ಲಿತ್ತು. ರಸ್ತೆ ಬದಿಯ ಬೆಟ್ಟದ ಒರತೆಗೆ ಕೊಡ ಕ್ಯಾನು ಹಿಡಿದು ನಿಲ್ಲುವವರು ಇಂದಿಗೂ ಇದ್ದಾರೆ. ಎಷ್ಟೋ ಮನೆಗಳ ಕೊಳಚೆ ನೇರ ಹೊಳೆಗೆ ಹೋಗುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಈ ನೆಲದಿಂದ ಕಲ್ಲಿದ್ದಲನ್ನು ಹೊತ್ತೊಯ್ದವರೂ, ಅದರ ತೆರಿಗೆ ಉಂಡ ಸರ್ಕಾರಗಳೂ ಈ ಜನಕ್ಕೆ ಬಾಕಿ ಉಳಿಸಿಕೊಂಡದ್ದು ಬಹಳಷ್ಟಿದೆ. ಅದರಲ್ಲಿ ಮೊದಲು ತೀರಿಸಬೇಕಾದದ್ದು ಮನೆಯ ನಲ್ಲಿಯಲ್ಲಿ ಕುಡಿಯುವ ನೀರು.