ದಿಂಬಂ ಇಳಿಜಾರಿನಲ್ಲಿ ದೀಪಗಳ ಮಾತು: ಕಾರಿನ ಎಚ್ಚರಿಕೆ ಸಂಕೇತಗಳನ್ನು ಓದುವ ಬಗೆ

ಈರೋಡ್ ಜಿಲ್ಲೆಯ ವಾಯವ್ಯ ಅಂಚಿನಲ್ಲಿ, ಕಾಡು ಸುತ್ತುವರಿದ ಎತ್ತರದ ನೆಲದಲ್ಲಿ ತಾಳವಾಡಿ ಸೀಮೆಯಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ, ಅದುವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಹೀಗಾಗಿ ಇಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಡಾ. ರಾಜ್‌ಕುಮಾರ್ ಅವರ ಊರೆಂದು ಕನ್ನಡಿಗರೆಲ್ಲರೂ ಬಲ್ಲ ಗಾಜನೂರು ಈ ಸೀಮೆಯದೇ. ಇಲ್ಲಿಂದ ಚಾಮರಾಜನಗರದ ಕಡೆಗೆ ಹೋಗುವವರಿಗೆ ದಾರಿ ಸುಗಮ. ಆದರೆ ಸತ್ಯಮಂಗಲಕ್ಕೋ ಜಿಲ್ಲಾ ಕೇಂದ್ರವಾದ ಈರೋಡಿಗೋ ಹೋಗಬೇಕಾದವರು ಹುಲಿ ಸಂರಕ್ಷಿತ ಅರಣ್ಯವನ್ನು ಹಾದು, ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಳಿದು, ಬಣ್ಣಾರಿಯನ್ನು ತಲುಪಬೇಕು. ಆಸ್ಪತ್ರೆಗೆ ಹೊರಟ ಕಾರಿಗೂ ತರಕಾರಿ ಹೊತ್ತ ಪಿಕಪ್ ವಾಹನಕ್ಕೂ ಇದೇ ದಾರಿ.

ಇಂತಹ ದಾರಿಯಲ್ಲಿ ಚಾಲಕನ ಕಣ್ಣೆದುರು ಒಂದು ಕೆಂಪು ದೀಪ ಹೊತ್ತಿಕೊಂಡರೆ ಅದರ ಅರ್ಥವನ್ನು ಕೂಡಲೇ ತಿಳಿಯುವುದು ಅಗತ್ಯ. ವಾಹನದೊಂದಿಗೆ ಬರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ತಿರುವಿನ ನಡುವೆ ಅದನ್ನು ಬಿಡಿಸಿ ಓದುವ ಅವಕಾಶವೂ ಇರುವುದಿಲ್ಲ. ಅದೃಷ್ಟವಶಾತ್, ದೀಪಗಳ ಈ ಭಾಷೆ ಕನ್ನಡವೂ ಅಲ್ಲ, ತಮಿಳೂ ಅಲ್ಲ, ಇಂಗ್ಲಿಷೂ ಅಲ್ಲ. ಒಮ್ಮೆ ಕಲಿತರೆ ಎಲ್ಲ ವಾಹನಗಳಲ್ಲಿಯೂ ಬಹುಮಟ್ಟಿಗೆ ಒಂದೇ ರೀತಿಯಾಗಿ ಓದಬಹುದಾದ ಸಂಕೇತಗಳ ಭಾಷೆ ಅದು.

ಅಕ್ಷರವಿಲ್ಲದ ಲಿಪಿ

'ಡ್ಯಾಶ್‌ಬೋರ್ಡ್' ಎಂಬ ಪದ ಹುಟ್ಟಿದ್ದು ಕುದುರೆಗಾಡಿಯ ಕಾಲದಲ್ಲಿ. ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಸವಾರರ ಮೇಲೆ ಬೀಳದಂತೆ ಗಾಡಿಯ ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿತ್ತು. ಮೋಟಾರು ವಾಹನ ಬಂದ ಮೇಲೆ ಹೆಸರು ಉಳಿಯಿತು, ಕೆಲಸ ಬದಲಾಯಿತು. ಇಂದು ಆ ಹಲಗೆ ವಾಹನದ ಒಳಗೆ ನಡೆಯುವುದನ್ನು ಚಾಲಕನಿಗೆ ತಿಳಿಸುವ ಫಲಕವಾಗಿದೆ. ಅಲ್ಲಿ ಬಳಸುವ ಚಿತ್ರಸಂಕೇತಗಳನ್ನು ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕ ನಿಗದಿಪಡಿಸಿದೆ. ಬೇರೆ ಬೇರೆ ದೇಶಗಳಲ್ಲಿ ತಯಾರಾದ ಕಾರುಗಳಲ್ಲಿಯೂ ಎಣ್ಣೆಯ ಗಿಂಡಿ ಎಣ್ಣೆಯ ಗಿಂಡಿಯಾಗಿಯೇ ಕಾಣುವುದು ಈ ಕಾರಣದಿಂದ.

ಚಿತ್ರಕ್ಕಿಂತ ಮೊದಲು ಗಮನಿಸಬೇಕಾದುದು ಬಣ್ಣವನ್ನು. ಹಸಿರು ಮತ್ತು ನೀಲಿ ದೀಪಗಳು ಯಾವುದೋ ಒಂದು ವ್ಯವಸ್ಥೆ ಚಾಲನೆಯಲ್ಲಿದೆ ಎಂದಷ್ಟೇ ಹೇಳುತ್ತವೆ: ತಿರುವಿನ ಸೂಚಕಕ್ಕೆ ಹಸಿರು, ಮುಂದೀಪದ ಹೈಬೀಮಿಗೆ ನೀಲಿ. ಹಳದಿ ದೀಪ ದೋಷವೊಂದನ್ನು ತಿಳಿಸುತ್ತದೆ. ಎಚ್ಚರದಿಂದ ಮುಂದುವರಿದು ಬೇಗನೆ ಪರೀಕ್ಷೆ ಮಾಡಿಸಬೇಕು ಎಂಬುದು ಅದರ ತಾತ್ಪರ್ಯ. ಕೆಂಪು ದೀಪ ಅಪಾಯವನ್ನು ಸೂಚಿಸುತ್ತದೆ. ಸುರಕ್ಷಿತವಾದ ಮೊದಲ ಜಾಗದಲ್ಲಿಯೇ ವಾಹನವನ್ನು ನಿಲ್ಲಿಸಬೇಕು. ಚಿತ್ರದ ಅರ್ಥ ತಿಳಿಯದವನೂ ಬಣ್ಣವನ್ನು ಓದಬಲ್ಲವನಾದರೆ ಅರ್ಧ ಪಾಠ ಕಲಿತಂತೆ.

ಕೀಲಿ ತಿರುಗಿಸಿದೊಡನೆ ಹಲವು ದೀಪಗಳು ಒಟ್ಟಿಗೆ ಹೊತ್ತಿ, ಕೆಲವು ಕ್ಷಣಗಳಲ್ಲಿ ಅಥವಾ ಎಂಜಿನ್ ಚಾಲೂ ಆದ ಮೇಲೆ ಆರುತ್ತವೆ. ಇದು ದೋಷವಲ್ಲ, ದೀಪಗಳ ಸ್ವಪರೀಕ್ಷೆ. ಆಗ ಆರದೆ ಉಳಿದ ದೀಪ ಎಷ್ಟು ಅನುಮಾನಾಸ್ಪದವೋ ಹೊತ್ತಲೇ ಇಲ್ಲದ ದೀಪವೂ ಅಷ್ಟೇ ಅನುಮಾನಾಸ್ಪದ. ಸುಟ್ಟುಹೋದ ದೀಪ ಅಪಾಯ ಬಂದಾಗಲೂ ಮೌನವಾಗಿರುತ್ತದೆ. ಹೊರಡುವ ಮೊದಲು ಈ ಕೆಲವು ಕ್ಷಣ ಫಲಕವನ್ನು ನೋಡುವುದಕ್ಕೆ ಯಾವ ಖರ್ಚೂ ಇಲ್ಲ.

ನಾಲ್ಕು ಕೆಂಪು ದೀಪಗಳು

ಕೆಂಪು ದೀಪಗಳಲ್ಲಿ ನಾಲ್ಕನ್ನು ಪ್ರತಿಯೊಬ್ಬ ಚಾಲಕನೂ ಗುರುತಿಸಲು ಶಕ್ತನಾಗಿರಬೇಕು.

ಮೊದಲನೆಯದು, ತುದಿಯಿಂದ ಹನಿ ತೊಟ್ಟಿಕ್ಕುತ್ತಿರುವ ಎಣ್ಣೆಯ ಗಿಂಡಿ. ಎಂಜಿನ್ನಿನ ಒಳಗೆ ವೇಗವಾಗಿ ತಿರುಗುವ ಲೋಹದ ಭಾಗಗಳು ಒಂದಕ್ಕೊಂದು ನೇರವಾಗಿ ತಾಗುವುದಿಲ್ಲ. ಪಂಪು ಒತ್ತಡದಿಂದ ತಳ್ಳುವ ಎಣ್ಣೆಯ ತೆಳುವಾದ ಪದರ ಅವುಗಳನ್ನು ಬೇರೆಯಾಗಿ ಇರಿಸುತ್ತದೆ. ಆ ಒತ್ತಡ ಕುಸಿದಾಗ ಈ ದೀಪ ಹೊತ್ತುತ್ತದೆ. ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ವಾಚ್ಯಾರ್ಥದಲ್ಲಿ ನಿಂತುಬಿಡುವ ತೊಂದರೆ ಪರಿಚಿತವೇ. ಇಲ್ಲಿಯೂ ಚಿತ್ರದ ವಾಚ್ಯಾರ್ಥ 'ಎಣ್ಣೆ'. ಅದು ಹೇಳುತ್ತಿರುವುದು 'ಒತ್ತಡ'. 'ಊರು ತಲುಪಿ ಎಣ್ಣೆ ಹಾಕಿಸಿದರಾಯಿತು' ಎಂದು ಮುಂದೆ ಹೋದವನ ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಂಡು ನಿಲ್ಲಬಹುದು. ದೀಪ ಕಂಡೊಡನೆ ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಆಮೇಲೆ ಡಿಪ್‌ಸ್ಟಿಕ್ ತೆಗೆದು ಎಣ್ಣೆಯ ಮಟ್ಟವನ್ನು ನೋಡಬೇಕು.

ಎರಡನೆಯದು, ಅಲೆಗಳ ಮೇಲೆ ನಿಂತ ಉಷ್ಣಮಾಪಕದ ಚಿತ್ರ. ಬಣ್ಣಾರಿಯಿಂದ ಮೇಲೇರುವವರಿಗೆ ಹೆಚ್ಚು ಸಂಬಂಧಿಸಿದ ದೀಪ ಇದು. ಏರುದಾರಿಯಲ್ಲಿ ಎಂಜಿನ್ ಹೆಚ್ಚು ದುಡಿಯುತ್ತದೆ. ವೇಗ ಕಡಿಮೆಯಾದುದರಿಂದ ರೇಡಿಯೇಟರಿಗೆ ತಾಗುವ ಗಾಳಿಯೂ ಕಡಿಮೆ. ಮುಂದಿನ ಭಾರದ ಲಾರಿಯ ಹಿಂದೆ ತೆವಳಬೇಕಾಗಿ ಬಂದರೆ ಬಿಸಿ ಇನ್ನೂ ಏರುತ್ತದೆ. ಕೂಲೆಂಟ್ ಇರುವ ವ್ಯವಸ್ಥೆ ಅಡುಗೆಮನೆಯ ಕುಕ್ಕರಿನಂತೆ ಮುಚ್ಚಿದ್ದು, ಒತ್ತಡದ ಕಾರಣದಿಂದ ಒಳಗಿನ ದ್ರವ 100 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೂ ಕುದಿಯದೆ ಇರುತ್ತದೆ. ಬಿಸಿಯಾಗಿರುವಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ವೆಯ್ಟ್ ಇಳಿಯುವ ಮೊದಲು ಮುಚ್ಚಳ ತೆಗೆಯಬಾರದೆಂಬ ಅಡುಗೆಮನೆಯ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ. ಎಂಜಿನ್ ಆರಿಸಿ, ಅದು ಚೆನ್ನಾಗಿ ತಣ್ಣಗಾಗುವವರೆಗೆ ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುವ ಸಾಧ್ಯತೆಯೂ ಇದೆ.

ಮೂರನೆಯದು, ಕೂಡಿಸು ಮತ್ತು ಕಳೆ ಗುರುತುಗಳಿರುವ ಬ್ಯಾಟರಿ. ವಾಹನ ಓಡುತ್ತಿರುವಾಗ ಈ ದೀಪ ಹೊತ್ತಿದರೆ ಸಾಮಾನ್ಯವಾಗಿ ದೋಷ ಬ್ಯಾಟರಿಯದಲ್ಲ, ಅದಕ್ಕೆ ವಿದ್ಯುತ್ ತುಂಬುವ ಆಲ್ಟರ್ನೇಟರಿನದು ಅಥವಾ ಅದನ್ನು ತಿರುಗಿಸುವ ಬೆಲ್ಟಿನದು. ಅನೇಕ ವಾಹನಗಳಲ್ಲಿ ಅದೇ ಬೆಲ್ಟು ಕೂಲೆಂಟಿನ ಪಂಪನ್ನೂ ತಿರುಗಿಸುತ್ತದೆ. ಆದುದರಿಂದ ಬ್ಯಾಟರಿ ದೀಪದ ಬೆನ್ನಿಗೇ ಉಷ್ಣತೆಯ ದೀಪ ಹೊತ್ತಿದರೆ ಬೆಲ್ಟು ತುಂಡಾಗಿದೆಯೆಂದು ಊಹಿಸಬಹುದು. ಎರಡು ಪದಗಳು ಸೇರಿ ವಾಕ್ಯವಾಗುವಂತೆ ಎರಡು ದೀಪಗಳು ಸೇರಿ ಒಂದು ಕಾರಣವನ್ನು ತೋರಿಸುತ್ತವೆ.

ನಾಲ್ಕನೆಯದು, ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಅದರ ಎರಡೂ ಬದಿಗೆ ಕಂಸ. ಇದು ಬ್ರೇಕಿನ ದೀಪ. ಹ್ಯಾಂಡ್‌ಬ್ರೇಕ್ ಹಾಕಿದ್ದಾಗ ಇದು ಹೊತ್ತುವುದು ಸಹಜ. ಅದನ್ನು ಬಿಡಿಸಿದ ಮೇಲೂ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದರ್ಥ. ಪ್ಯಾಡುಗಳು ಸವೆದಂತೆಲ್ಲ ಅದರ ಮಟ್ಟ ನಿಧಾನವಾಗಿ ಇಳಿಯುತ್ತದೆ. ಎಲ್ಲಿಯೋ ಸೋರಿಕೆಯಿದ್ದರೆ ಬೇಗನೆ ಇಳಿಯುತ್ತದೆ. ಈ ದೀಪ ಹೊತ್ತಿರುವ ವಾಹನವನ್ನು ಘಟ್ಟಕ್ಕೆ ಇಳಿಸಲೇಬಾರದು.

ಹಳದಿಯ ಸೂಕ್ಷ್ಮಗಳು

ಹಳದಿ ದೀಪಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಎಂಜಿನ್ನಿನ ಆಕಾರದ ದೀಪ. ಹೊಗೆಯನ್ನು ನಿಯಂತ್ರಿಸುವ ವ್ಯವಸ್ಥೆಯಲ್ಲಿ, ಇಂಧನದ ಪೂರೈಕೆಯಲ್ಲಿ ಅಥವಾ ಸಂವೇದಕಗಳಲ್ಲಿ ಎಲ್ಲಿಯೋ ಏರುಪೇರಾಗಿದೆ ಎಂದು ಅದು ಹೇಳುತ್ತದೆ. ಎಲ್ಲಿ ಎಂಬುದನ್ನು ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿ ತಿಳಿಯಬೇಕು. ಸ್ಥಿರವಾಗಿ ಉರಿಯುವ ದೀಪ ಕೆಲವು ಕಾಲ ಕಾಯಬಲ್ಲದು. ಪೆಟ್ರೋಲ್ ಕಾರಿನಲ್ಲಿ ಅದು ಮಿನುಗತೊಡಗಿದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಹೊರಹೋಗುತ್ತಿದೆ ಎಂದು ತಿಳಿದು ವೇಗವನ್ನು ತಗ್ಗಿಸಬೇಕು.

'ಎಬಿಎಸ್' ಎಂಬ ಅಕ್ಷರಗಳ ಹಳದಿ ದೀಪ ಹೊತ್ತಿದಾಗ ಸಾಮಾನ್ಯ ಬ್ರೇಕು ಕೆಲಸ ಮಾಡುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಹೆಚ್ಚುವರಿ ರಕ್ಷಣೆ ಇರುವುದಿಲ್ಲ. ಡೀಸೆಲ್ ವಾಹನಗಳಲ್ಲಿ ಸುರುಳಿಯಾಕಾರದ ಹಳದಿ ದೀಪವೊಂದಿದೆ. ಚಳಿಗಾಲದ ಮುಂಜಾನೆ ಕೀಲಿ ತಿರುಗಿಸಿದಾಗ ಅದು ಆರುವವರೆಗೆ ಕಾದು ಸ್ಟಾರ್ಟ್ ಮಾಡಿದರೆ ತಣ್ಣನೆಯ ಎಂಜಿನ್ ಸುಲಭವಾಗಿ ಚಾಲೂ ಆಗುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಅನೇಕ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿಯುವ ಶೋಧಕವೂ ಇದೆ. ನಿಧಾನವಾದ ಸಣ್ಣ ಓಡಾಟಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ. ಅದರ ದೀಪ ಹೊತ್ತಿದಾಗ ಕೈಪಿಡಿ ಹೇಳುವಂತೆ ಸ್ವಲ್ಪ ಹೊತ್ತು ಒಂದೇ ಸಮನಾದ ವೇಗದಲ್ಲಿ ಓಡಿಸಿದರೆ ಶೇಖರವಾದ ಮಸಿ ಉರಿದುಹೋಗುತ್ತದೆ.

ದೀಪವಿಲ್ಲದ ಅಪಾಯ

ಇಷ್ಟೆಲ್ಲ ದೀಪಗಳಿದ್ದರೂ ದಿಂಬಂ ಇಳಿಯುವವನಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಹೇಳುವ ದೀಪ ಸಾಮಾನ್ಯ ಕಾರುಗಳ ಫಲಕದಲ್ಲಿ ಇಲ್ಲ. ಅದು ಬ್ರೇಕಿನ ಬಿಸಿ.

ಎತ್ತರದಲ್ಲಿರುವ ವಾಹನ ಕೆಳಗಿಳಿಯುವಾಗ ಅದರಲ್ಲಿ ಅಡಗಿರುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. 1,200 ಕಿಲೊ ತೂಕದ ಕಾರು 100 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 12 ಲಕ್ಷ ಜೂಲ್. ಮೂರೂವರೆ ಲೀಟರಿಗಿಂತ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಕ್ತಿ ಸಾಕು. ದಿಂಬಂನಿಂದ ಬಣ್ಣಾರಿಗೆ ಇಳಿಯುವುದು ಹಲವು ನೂರು ಮೀಟರ್. ಬ್ರೇಕನ್ನು ಮಾತ್ರ ನಂಬಿ ಇಳಿದರೆ ಈ ಶಕ್ತಿಯ ಬಹುಪಾಲು ಪ್ಯಾಡುಗಳಲ್ಲಿಯೂ ಡಿಸ್ಕುಗಳಲ್ಲಿಯೂ ಬಿಸಿಯಾಗಿ ಸೇರುತ್ತದೆ. ಅತಿಯಾಗಿ ಕಾದ ಪ್ಯಾಡು ಹಿಡಿತವನ್ನು ಕಳೆದುಕೊಳ್ಳುತ್ತದೆ. ಬಿಸಿ ಬ್ರೇಕ್ ಆಯಿಲಿಗೂ ಹರಡುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ಇರಬೇಕೆಂದು ಮಾನಕ ಹೇಳುತ್ತದೆ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದುದರಿಂದ, ಹಳತಾಗಿ ತೇವ ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯಬಹುದು. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ. ಜನ 'ಬ್ರೇಕ್ ಫೇಲ್' ಎನ್ನುವ ಘಟನೆಗಳಲ್ಲಿ ಒಂದು ಬಗೆ ಇದು. ಆಯಿಲಿನ ಮಟ್ಟ ಸರಿಯಾಗಿಯೇ ಇರುವುದರಿಂದ ಫಲಕದ ದೀಪ ಹೊತ್ತುವುದಿಲ್ಲ.

ಇದಕ್ಕೆ ಪರಿಹಾರ ಗೇರಿನಲ್ಲಿದೆ. ಎರಡನೆಯ ಗೇರಿನಲ್ಲಿ, ಕಡಿದಾದ ಕಡೆ ಮೊದಲನೆಯ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಎಂಜಿನ್ನೇ ವಾಹನವನ್ನು ಹಿಂದಕ್ಕೆ ಹಿಡಿಯುತ್ತದೆ. ಬ್ರೇಕಿನ ಮೇಲೆ ಸದಾ ಕಾಲಿಡದೆ, ತಿರುವಿಗೆ ಮುನ್ನ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಬಿಟ್ಟರೆ ಪ್ಯಾಡುಗಳಿಗೆ ತಣಿಯಲು ಅವಕಾಶ ದೊರೆಯುತ್ತದೆ. ಏರಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತಿನ ಹಿಂದಿರುವ ತತ್ವ ಇದೇ.

ಇಂಧನ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸ ಕೆಲವರಲ್ಲಿದೆ. ಇಂಜೆಕ್ಷನ್ ವ್ಯವಸ್ಥೆಯ ಇಂದಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದಾಗ ಇಂಧನದ ಪೂರೈಕೆ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿಯಾದರೋ ಎಂಜಿನ್ ಆರದಿರಲು ಇಂಧನ ಬೇಕು. ಉಳಿತಾಯವೆಂಬುದು ಇಲ್ಲಿ ಭ್ರಮೆ. ಎಂಜಿನ್ನನ್ನೇ ಆರಿಸಿ ಇಳಿಯುವುದಂತೂ ಇನ್ನೂ ಅಪಾಯಕರ. ಬ್ರೇಕ್ ಪೆಡಲಿಗೆ ಬಲ ಸೇರಿಸುವ ಬೂಸ್ಟರು ಕೆಲವು ಸಲ ತುಳಿದ ಮೇಲೆ ನೆರವು ಕಳೆದುಕೊಳ್ಳುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ.

ಎಲ್ಲಿ ನಿಲ್ಲಿಸಬೇಕು

ಕೆಂಪು ದೀಪ ಕಂಡರೆ ನಿಲ್ಲಿಸಬೇಕು ಎಂಬ ನಿಯಮಕ್ಕೆ ಈ ದಾರಿಯಲ್ಲಿ ಒಂದು ಪೂರಕ ನಿಯಮ ಬೇಕು. ತಿರುವಿನಲ್ಲಿ ನಿಂತ ವಾಹನ ಹಿಂದೆ ಬರುವವರಿಗೆ ಕಾಣುವುದಿಲ್ಲ; ಉದ್ದನೆಯ ಲಾರಿಗೆ ತಿರುಗಲು ಜಾಗವೂ ಉಳಿಯುವುದಿಲ್ಲ. ತಿರುವು ದಾಟಿ, ಎರಡೂ ಕಡೆಯಿಂದ ಕಾಣುವ ಅಗಲವಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಸೂಚಕ ದೀಪಗಳನ್ನು ಮಿನುಗಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಬೇಕು. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲಿ ಬಿಡದೆ ಬದಿಗಿಡುವುದು ಮರೆಯಬಾರದ ಕರ್ತವ್ಯ. ಸುತ್ತಲಿನದು ಆನೆ, ಹುಲಿ, ಚಿರತೆಗಳ ಕಾಡು. 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಅರಣ್ಯದ ರಸ್ತೆಯಲ್ಲಿ, ವನ್ಯಜೀವಿಗಳ ರಕ್ಷಣೆಗಾಗಿ 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಗೇಟು ಮುಚ್ಚುವ ಮುನ್ನ ದಾಟಬೇಕೆಂಬ ಆತುರದಲ್ಲಿ ಹಳದಿ ದೀಪವನ್ನು ಅಲಕ್ಷಿಸಿ ಹೊರಟವನು ಕತ್ತಲಾದ ಮೇಲೆ ಕಾಡಿನ ನಡುವೆ ಕೆಂಪು ದೀಪದೆದುರು ಕುಳಿತಿರಬೇಕಾಗಬಹುದು. ಆದುದರಿಂದ ದೋಷದ ಪರೀಕ್ಷೆ ತಾಳವಾಡಿಯಲ್ಲಿಯೇ, ಹೊರಡುವ ಮೊದಲೇ ಆಗಬೇಕು.

ಫಲಕ ಹೇಳುವುದು ತಾನು ಅಳೆಯಬಲ್ಲುದನ್ನು ಮಾತ್ರ. ಉಳಿದುದನ್ನು ಚಾಲಕನ ಇಂದ್ರಿಯಗಳು ಓದಬೇಕು: ಬ್ರೇಕು ಕಾದ ಸುಟ್ಟ ವಾಸನೆಯನ್ನು ಮೂಗು, ಪೆಡಲಿನ ಮೆತ್ತನೆಯನ್ನು ಕಾಲು, ಬೆಲ್ಟಿನ ಕಿರುಗುಟ್ಟುವಿಕೆಯನ್ನು ಕಿವಿ. ಕೀಲಿ ತಿರುಗಿಸಿದಾಗ ದೀಪಗಳನ್ನು ನೋಡುವುದು, ವಾರಕ್ಕೊಮ್ಮೆ ಎಣ್ಣೆ ಮತ್ತು ಕೂಲೆಂಟುಗಳ ಮಟ್ಟವನ್ನು ನೋಡುವುದು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸುವುದು, ದಿಂಬಂನ ಮೊದಲ ತಿರುವಿಗೆ ಮುನ್ನವೇ ಗೇರನ್ನು ತಗ್ಗಿಸುವುದು: ಈ ನಾಲ್ಕನ್ನು ರೂಢಿಸಿಕೊಂಡವರ ವಾಹನ 27 ತಿರುವುಗಳನ್ನೂ ಇಳಿದು ಬಣ್ಣಾರಿಯನ್ನು ತಲುಪುವಾಗ ಅದರ ಬ್ರೇಕು ಇನ್ನೂ ಕೆಲಸಕ್ಕೆ ಸಿದ್ಧವಾಗಿರುತ್ತದೆ.