ವಿಂಡೋ ಏಸಿ, ಸ್ಪ್ಲಿಟ್ ಏಸಿ: ಭೇದವೆಲ್ಲಿದೆ?

ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ತಾಪವು 40 ಡಿಗ್ರಿಯನ್ನು ಮೀರುವ ದಿನಗಳಲ್ಲಿ ಏಸಿ ಕೊಳ್ಳಹೊರಟ ಗೃಹಸ್ಥನಿಗೆ ಮೊದಲು ಎದುರಾಗುವ ಪ್ರಶ್ನೆ, ಕಿಟಕಿಯಲ್ಲಿ ಕೂರಿಸುವ ವಿಂಡೋ ಬಗೆಯದೋ, ಗೋಡೆಗೆ ತೂಗಿಸುವ ಸ್ಪ್ಲಿಟ್ ಬಗೆಯದೋ ಎಂಬುದು. ಇವೆರಡೂ ಭಿನ್ನ ಜಾತಿಯ ಯಂತ್ರಗಳೆಂಬ ಭಾವನೆ ಜನರಲ್ಲಿದ್ದರೂ, ತಂಪು ಮಾಡುವ ತತ್ತ್ವ ಎರಡರಲ್ಲಿಯೂ ಒಂದೇ: ಒಳಗಿನ ಸುರುಳಿಯಲ್ಲಿ ಶೀತಕದ್ರವವು ಆವಿಯಾಗುತ್ತ ಕೋಣೆಯ ಉಷ್ಣವನ್ನು ಹೀರಿಕೊಳ್ಳುವುದು, ಕಂಪ್ರೆಸರ್ ಆ ಆವಿಯನ್ನು ಅದುಮಿ ಹೊರಗಿನ ಸುರುಳಿಗೆ ತಳ್ಳಲು, ಅದು ಉಷ್ಣವನ್ನು ಬಯಲಿಗೆ ಬಿಟ್ಟು ಪುನಃ ದ್ರವವಾಗುವುದು. ಒಂದು ಟನ್ನಿನ ಯಂತ್ರವು, ಯಾವ ಬಗೆಯದಾದರೂ, ಹೊರಗಟ್ಟಬಲ್ಲ ಉಷ್ಣ ಸುಮಾರು 3.5 ಕಿಲೋವಾಟ್.

ಭೇದವಿರುವುದು ಅಂಗಗಳ ನೆಲೆಯಲ್ಲಿ. ವಿಂಡೋ ಏಸಿಯಲ್ಲಿ ಸುರುಳಿಗಳೆರಡೂ, ಕಂಪ್ರೆಸರೂ, ಒಳಹೊರಗಿನ ಬೀಸಣಿಗೆಗಳನ್ನು ಒಂದೇ ದಂಡದಿಂದ ತಿರುಗಿಸುವ ಮೋಟಾರೂ ಒಂದೇ ಪೆಟ್ಟಿಗೆಯೊಳಗಿರುವುದರಿಂದ, ಅದರ ಸದ್ದು ಮಲಗುವ ಕೋಣೆಯನ್ನು ಹೊಗುತ್ತದೆ. ಕಿಟಕಿಯ ಬೆಳಕೂ ಕುಂದುತ್ತದೆ. 1961ರಲ್ಲಿ ಜಪಾನಿನ ತೋಷಿಬಾ ಸಂಸ್ಥೆ ಮಾರುಕಟ್ಟೆಗೆ ತಂದ ಸ್ಪ್ಲಿಟ್ ಯಂತ್ರದಲ್ಲಿ ಗದ್ದಲದ ಭಾಗವೆಲ್ಲ ಹೊರಗೆ ಹೋಯಿತು. ಒಳಗುಳಿದದ್ದು ಒಂದು ಸುರುಳಿ, ಒಂದು ಬೀಸಣಿಗೆ. ನಡುವೆ ಗೋಡೆಯನ್ನು ಹಾದುಹೋಗುವ ತಾಮ್ರದ ಎರಡು ಕೊಳವೆಗಳು. ನಿದ್ರೆಯ ಸುಖವನ್ನು ಬಲ್ಲವರಿಗೆ ಇದು ಅಲ್ಪ ಲಾಭವಲ್ಲ.

ಆದರೆ ಕೊಳ್ಳುವವರು ಸಾಮಾನ್ಯವಾಗಿ ಗಮನಿಸದ ಅಂತರ ಮತ್ತೊಂದುಂಟು, ನನಗೆ ಅದೇ ಮುಖ್ಯವೆನಿಸುತ್ತದೆ. ವಿಂಡೋ ಏಸಿಯ ಕೊಳವೆಗಳು ಕಾರ್ಖಾನೆಯಲ್ಲಿಯೇ ಬೆಸೆದು ಮುಚ್ಚಲ್ಪಟ್ಟು ಬರುತ್ತವೆ. ಸ್ಪ್ಲಿಟ್ ಏಸಿಯಾದರೋ ಪೂರ್ಣಗೊಳ್ಳುವುದು ನಮ್ಮ ಗೋಡೆಯ ಮೇಲೆ, ಮೆಕ್ಯಾನಿಕ್ಕಿನ ಕೈಯಲ್ಲಿ. ಕೊಳವೆಯ ತುದಿಯನ್ನು ಅರಳಿಸಿ ನಟ್ಟು ಬಿಗಿಯುವಲ್ಲಿ ಲೋಪವಾದರೆ ಗ್ಯಾಸು ಮೆಲ್ಲಮೆಲ್ಲನೆ ಸೋರಿಹೋಗುವುದು. ವ್ಯಾಕ್ಯೂಮ್ ಪಂಪು ಹಚ್ಚಿ ಒಳಗಣ ಗಾಳಿಯನ್ನೂ ತೇವವನ್ನೂ ಸೆಳೆಯದೆ ಗ್ಯಾಸು ಬಿಟ್ಟರೆ, ಉಳಿದ ತೇವವು ಎಣ್ಣೆಯೊಡನೆ ಕೂಡಿ ಆಮ್ಲವಾಗಿ ಕಂಪ್ರೆಸರಿನ ಆಯುಷ್ಯವನ್ನು ಕುಗ್ಗಿಸುವುದು. ಮಂಗಳೂರು, ಕಾರವಾರಗಳ ಉಪ್ಪುಗಾಳಿಗೆ ಹೊರಗಿನ ಸುರುಳಿ ಬೇಗ ತುಕ್ಕು ಹಿಡಿಯುವುದೂ ಉಂಟು.

ಆಗಾಗ ಬಾಡಿಗೆ ಮನೆ ಬದಲಿಸುವವರಿಗೆ, ತಕ್ಕ ಕಿಟಕಿಯಿದ್ದಲ್ಲಿ, ವಿಂಡೋ ಏಸಿಯೇ ಉಚಿತವೆಂದು ನನ್ನ ಮತ. ಸ್ವಂತ ಮನೆಯ ಶಯನಗೃಹಕ್ಕೆ ಸ್ಪ್ಲಿಟ್ ಮೇಲು. ಅದನ್ನು ಕೂರಿಸುವ ದಿನ ವ್ಯಾಕ್ಯೂಮ್ ಪಂಪನ್ನು ತಂದಿರುವರೇ ಎಂದು ಕೇಳಿರಿ. ಹೊರಗಿನ ಯಂತ್ರಕ್ಕೆ ಮನುಷ್ಯನೊಬ್ಬನು ಭದ್ರವಾಗಿ ನಿಂತು ದುರಸ್ತಿ ಮಾಡಬಹುದಾದ ಸ್ಥಳವನ್ನೇ ಆರಿಸಿರಿ. ಸುರಕ್ಷಾ ಬೆಲ್ಟಿಲ್ಲದೆ ಯಾರನ್ನೂ ಮಹಡಿಯ ಸಜ್ಜೆಯ ಮೇಲೆ ಇಳಿಯಗೊಡಬೇಡಿರಿ.