ಅಟ್ಟದ ಮರಕ್ಕೊಂದು ದಾರಿ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಮರ ಕಡೆಯುವ ವಿಚಾರವಾಗಿ ಲೇಖನ ಬರೆಯುತ್ತೇನೆಂದಾಗ ನನ್ನ ಕೆಲವು ಸಹಪಾಠಿಗಳು ನಕ್ಕರು. ಇತಿಹಾಸದ ವಿದ್ಯಾರ್ಥಿಗೂ ಉಳಿಗೂ ಏನು ನಂಟು ಎಂಬುದು ಅವರ ಪ್ರಶ್ನೆ. ನಂಟು ಬೆಳೆದದ್ದು ನಮ್ಮ ಮನೆಯ ಅಟ್ಟದಿಂದ. ಹಳ್ಳಿಯ ಮನೆಗಳಿಂದ ಬಂದ ವಾಚಕರಲ್ಲಿ ಅನೇಕರ ಅಟ್ಟದ ಮೇಲೂ ಇಂಥದೇ ಒಂದು ರಾಶಿ ಇರಬಹುದೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಮದ್ದೂರಿನ ಕಡೆಯ ಒಂದು ಹಳ್ಳಿ. ಹಿತ್ತಲಲ್ಲಿದ್ದ ದೊಡ್ಡ ಹಲಸಿನ ಮರ ೧೯೯೦ರ ಸುಮಾರಿನಲ್ಲಿ ಗಾಳಿಗೆ ಉರುಳಿದಾಗ ತಾತನವರು ಅದನ್ನು ಕೊಯ್ಯಿಸಿ ಹಲಗೆ ಮಾಡಿಸಿದರಂತೆ. ಮಾಳಿಗೆ ಮನೆ ಕಟ್ಟಿಸಬೇಕು, ಅದಕ್ಕೆ ಬಾಗಿಲುಗಳಾಗಬೇಕು ಎಂಬುದು ಅವರ ಆಸೆ. ಮಾಳಿಗೆ ಏಳಲಿಲ್ಲ, ತಾತನವರೂ ಈಗಿಲ್ಲ. ಹಲಗೆಗಳು ಮಾತ್ರ ಅಟ್ಟದ ಮೇಲೆಯೇ ಉಳಿದವು. ಅವುಗಳ ಜತೆಗೆ ಮಾವಿನ ಹಲಗೆ, ಮುರಿದ ಮಂಚದ ಬೀಟೆ ಕಾಲುಗಳು, ಬೇಲಿಯಿಂದ ಕಡಿದ ಹಾಲೆ ಮರದ ತುಂಡುಗಳು ಹೀಗೆ ವರ್ಷವರ್ಷವೂ ಕೂಡುತ್ತಾ ಹೋದವು. ಯಾರಾದರೂ ಒಂದು ತುಂಡು ಕೇಳಿದರೆ ಅಜ್ಜಿಯ ಉತ್ತರ ಒಂದೇ: “ಬಾಗಿಲಿಗೆ ಅಂತ ಮಡಗಿರೋದು ಕಣಪ್ಪ.”

ಕಳೆದ ದೀಪಾವಳಿಯಲ್ಲಿ ಅಟ್ಟ ಗುಡಿಸಲು ಹತ್ತಿದವನ ತಲೆಯ ಮೇಲೆ ಗೋಧಿ ಹಿಟ್ಟಿನಂಥ ಹುಡಿ ಉದುರಿತು. ಕುಟ್ಟೆ ಹಿಡಿದಿತ್ತು. ವಿಷಯ ತಿಳಿದೊಡನೆ ದೊಡ್ಡಪ್ಪನವರು, ಎಲ್ಲವನ್ನೂ ಇಟ್ಟಿಗೆ ಗೂಡಿನವನಿಗೆ ಸೌದೆ ಲೆಕ್ಕದಲ್ಲಿ ತೂಗಿಸಿ ಕೊಟ್ಟುಬಿಡುವುದೆಂದು ನಿಶ್ಚಯಿಸಿದರು. ಅಜ್ಜಿ ಮಾತಾಡಲಿಲ್ಲ, ಆದರೆ ಆ ದಿನ ಊಟ ಮಾಡಲಿಲ್ಲ. ನಾನು ಯುಗಾದಿಯವರೆಗೆ ಅವಕಾಶ ಕೇಳಿಕೊಂಡೆ. ಏನು ಮಾಡಬೇಕೆಂಬುದು ಆಗ ನನಗೂ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಮೊದಲು ಶತ್ರುವನ್ನು ಅರಿಯೋಣ. ಕುಟ್ಟೆ ಎಂದು ನಾವು ಕರೆಯುವುದು ಸಣ್ಣ ದುಂಬಿಯ ಮರಿಹುಳುವನ್ನು. ತಾಯಿ ದುಂಬಿ ಮರದ ಸೂಕ್ಷ್ಮ ರಂಧ್ರಗಳಲ್ಲಿಯೂ ಬಿರುಕುಗಳಲ್ಲಿಯೂ ಮೊಟ್ಟೆಯಿಡುತ್ತದೆ. ಮರಿ ಒಳಗೊಳಗೇ ಕೊರೆದು ತಿಂದು ಬೆಳೆದು ಕೊನೆಗೆ ರೆಕ್ಕೆ ಬಂದ ದುಂಬಿಯಾಗಿ ಹೊರಬೀಳುತ್ತದೆ. ನಮ್ಮ ಕಣ್ಣಿಗೆ ಬೀಳುವ ಸಣ್ಣ ದುಂಡು ತೂತು ಅದು ಒಳಹೊಕ್ಕ ಬಾಗಿಲಲ್ಲ, ಹೊರಟುಹೋದ ಬಾಗಿಲು. ತೂತು ಕಂಡಾಗ ಒಳಗಿನ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ. ಆದರೆ ಒಂದು ಸಮಾಧಾನವುಂಟು. ಈ ಹುಳುವಿಗೆ ಬೇಕಾದದ್ದು ಪಿಷ್ಟ. ಅದು ಹೆಚ್ಚಾಗಿರುವುದು ತೊಗಟೆಗೆ ಅಂಟಿಕೊಂಡ ಬಿಳಿಯ ಹೊರಮರದಲ್ಲಿ. ಒಳಗಿನ ಬಣ್ಣ ಕಟ್ಟಿದ ಚೇಗಿನ ಗೊಡವೆಗೆ ಅದು ಅಷ್ಟಾಗಿ ಹೋಗುವುದಿಲ್ಲ. ನಮ್ಮ ಮಾವಿನ ಹಲಗೆಗಳು ಮುಟ್ಟಿದರೆ ಮುರಿಯುವಂತಾಗಿದ್ದವು. ಅವಕ್ಕೆ ಒಲೆಯೇ ಗತಿ. ಹಲಸಿನ ಹಲಗೆಗಳಲ್ಲಾದರೋ ಅಂಚಿನ ಎರಡೆರಡು ಬೆರಳು ಬಿಳಿಮರ ಪುಡಿಯಾಗಿತ್ತು. ನಡುವಿನ ಹಳದಿ ಚೇಗು ಕಬ್ಬಿಣದಂತಿತ್ತು. ಹುಳು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಹಲಗೆಯನ್ನು ಚೆನ್ನಾಗಿ ಕೊಡವಿ ಅಡಿಯಲ್ಲಿ ಕಪ್ಪು ಕಾಗದ ಹಾಸಿದೆ. ಎರಡು ವಾರದಲ್ಲಿ ಹೊಸ ಹುಡಿ ಬಿದ್ದ ಹಲಗೆಗಳನ್ನು ಆ ಕೂಡಲೇ ಬೇರೆ ಮಾಡಿದೆ.

ಎರಡನೆಯ ಕಂಟಕ ಬಿರುಕು. ಮರದ ನೀರು ಮೈಯಿಂದ ಹೋಗುವುದಕ್ಕಿಂತ ಬಹಳ ಬೇಗ ಕೊಯ್ದ ತುದಿಗಳಿಂದ ಹೋಗುತ್ತದೆ. ತುದಿ ಕುಗ್ಗುತ್ತದೆ, ನಡುಭಾಗ ಕುಗ್ಗುವುದಿಲ್ಲ. ಆದ್ದರಿಂದ ತುದಿ ಸೀಳುತ್ತದೆ. ಇದಲ್ಲದೆ, ವರ್ಷದ ಉಂಗುರಗಳು ಸುತ್ತುವ ದಿಕ್ಕಿನಲ್ಲಿ ಮರ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಸಾಗುವ ದಿಕ್ಕಿನಲ್ಲಿ ಕುಗ್ಗುವುದರ ಸುಮಾರು ಎರಡರಷ್ಟು. ತಿರುಳನ್ನು ನಡುವೆ ಇಟ್ಟುಕೊಂಡ ದಿಮ್ಮಿ ಸೀಳದೆ ಒಣಗುವುದು ಅಪರೂಪ. ನಮ್ಮ ಹಲಗೆಗಳು ಆರಡಿ ಉದ್ದದವು. ಎರಡು ತುದಿಗಳಲ್ಲಿಯೂ ಒಂದೊಂದು ಅಡಿ ಬಿರುಕು. ನಡುವೆ ಗಂಟು, ಅಂಚಿನಲ್ಲಿ ಕುಟ್ಟೆ. ಬಡಗಿಯವರು ನೋಡಿ, ಬಾಗಿಲಿಗೆ ಆಗುವ ಹಲಗೆ ಒಂದೂ ಇಲ್ಲವೆಂದರು. ಮೂವತ್ತು ವರ್ಷ ಕಾದಿದ್ದ ಮರ, ಕಾದಿದ್ದ ಕಾರಣಕ್ಕೇ ಆ ಕೆಲಸಕ್ಕೆ ಬಾರದಂತಾಗಿತ್ತು.

ದಾರಿ ಕಂಡದ್ದು ಚನ್ನಪಟ್ಟಣದಲ್ಲಿ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರು ದೂರದ ಆ ಊರಿನ ಬಣ್ಣದ ಗೊಂಬೆಗಳನ್ನು ಕಾಣದವರು ವಿರಳ. ತಂದೆಯವರಿಗೆ ಪರಿಚಿತರಾದ ಹಿರಿಯ ಕುಶಲಕರ್ಮಿಯೊಬ್ಬರು ಅಲ್ಲಿದ್ದಾರೆ. ಎಲ್ಲರೂ ಅವರನ್ನು ಉಸ್ತಾದರೆಂದೇ ಕರೆಯುತ್ತಾರೆ. ನಾನು ಒಯ್ದಿದ್ದ ಬಿರುಕುಬಿಟ್ಟ ತುಂಡನ್ನು ಅವರು ತಿರುಗಿಸಿ ನೋಡಿ, ಸೀಸದ ಕಡ್ಡಿಯಿಂದ ಅದರ ಮೇಲೆ ಐದಾರು ಚೌಕಗಳನ್ನು ಗೀಚಿದರು. “ಹಲಗೆ ನೋಡಬೇಡ ಮಗಾ, ಬಿರುಕಿನ ನಡುವೆ ಏನಿದೆ ಅದನ್ನ ನೋಡು,” ಎಂದರು. ಗೀಚಿದ ಚೌಕಗಳಲ್ಲಿ ಒಂದರೊಳಗೂ ಬಿರುಕಿರಲಿಲ್ಲ.

ಕಡೆಯುವ ಕೆಲಸದ ಅನುಕೂಲ ಇದೇ. ಬಾಗಿಲಿಗೆ ಆರಡಿ ನಿರ್ದೋಷವಾದ ಮರ ಬೇಕು. ಬುಗುರಿಗೆ ಮೂರಂಗುಲ ಸಾಕು. ಹಲಗೆಯ ದೋಷಗಳು ಎಷ್ಟೇ ಇರಲಿ, ಅವುಗಳ ನಡುವೆ ಮೂರಂಗುಲ, ನಾಲ್ಕಂಗುಲದ ಒಳ್ಳೆಯ ಮರ ಸಿಕ್ಕೇ ಸಿಗುತ್ತದೆ.

ಲೇತಿನ ಕೆಲಸವನ್ನು ಕಾಣದವರಿಗೆ ಎರಡು ಮಾತು. ಹಿಂದೆ ಬಿಲ್ಲಿನ ಹಗ್ಗವನ್ನು ಸುತ್ತಿ ಕೈಯಿಂದ ಎಳೆದು ಮರವನ್ನು ತಿರುಗಿಸುತ್ತಿದ್ದರು. ಈಗ ವಿದ್ಯುತ್ ಮೋಟಾರು ತಿರುಗಿಸುತ್ತದೆ. ಮರದ ತುಂಡನ್ನು ತಿರುಗುವ ತುದಿಯ ಬಟ್ಟಲಿನಂಥ ಹಿಡಿತಕ್ಕೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮುಂದೆ ಅಡ್ಡಲಾಗಿರುವ ಆನಿಕೆಯ ಮೇಲೆ ಉಳಿಯನ್ನು ಊರಿ, ತಿರುಗುವ ಮರಕ್ಕೆ ತಾಗಿಸಬೇಕು. ಬೇರೆ ಮರಗೆಲಸದಲ್ಲಿ ಉಳಿ ಚಲಿಸುತ್ತದೆ, ಮರ ಸುಮ್ಮನಿರುತ್ತದೆ. ಇಲ್ಲಿ ಅದು ತಿರುಗುಮುರುಗು. ಉಳಿಯನ್ನು ಒತ್ತಿದವನು ಕೆಟ್ಟ. ಅಂಚು ಹರಿತವಾಗಿದ್ದು, ಮರದ ಮೈಗೆ ಸವರುವಂತೆ ಹಿಡಿದರೆ ಚಕ್ಕೆ ಸುರುಳಿಸುರುಳಿಯಾಗಿ ಬರುತ್ತದೆ. ಹುಡಿ ಮಾತ್ರ ಉದುರುತ್ತಿದ್ದರೆ ಉಳಿ ಮೊಂಡಾಗಿದೆಯೆಂದು ತಿಳಿಯಬೇಕು. ನನಗೆ ಸುರುಳಿ ಬರಲು ಒಂಬತ್ತು ದಿನ ಹಿಡಿಯಿತು.

ರಜೆಯ ದಿನಗಳಲ್ಲಿ ಊರಿನಲ್ಲಿ ಮರ ಕೊಯ್ಯುವುದು, ಭಾನುವಾರಗಳಲ್ಲಿ ಚನ್ನಪಟ್ಟಣಕ್ಕೆ ಚೀಲ ಹೊರುವುದು, ಇದು ನನ್ನ ಕಾರ್ಯಕ್ರಮವಾಯಿತು. ಕೊಯ್ಯುವ ಮೊದಲು ಹಳೆಯ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಹಲಗೆಯ ಉದ್ದಕ್ಕೂ ಆಡಿಸುತ್ತಿದ್ದೆ. ಮಂಚದ ಕಾಲುಗಳಲ್ಲಿ ಮುರಿದ ಮೊಳೆಗಳು ಹನ್ನೊಂದು ಸಿಕ್ಕಿದವು. ಒಂದೊಂದೂ ಒಂದು ಗರಗಸದ ಹಲ್ಲನ್ನು ತಿನ್ನಬಹುದಾಗಿತ್ತು. ಕೊಯ್ದ ತುಂಡುಗಳನ್ನು ಎರಡು ವಾರ ನೆರಳಿನಲ್ಲಿ, ಗಾಳಿಯಾಡುವಂತೆ ಹರವಿಡುತ್ತಿದ್ದೆ. ಹಳೆಯ ಮರವೂ ಕೊಯ್ದ ಮೇಲೆ ಒಳಗಿನ ಬಿಗಿತ ಸಡಿಲಿ ಸ್ವಲ್ಪ ಸೊಟ್ಟಗಾಗುವುದುಂಟು. ಆಗುವುದಿದ್ದರೆ ಕಡೆಯುವ ಮುನ್ನವೇ ಆಗಲಿ. ಹಸಿಯೋ ಒಣಗಿದೆಯೋ ಎಂಬ ಸಂದೇಹ ಬಂದರೆ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಬೇಕು, ಮೂರು ವಾರ ತೂಕ ಇಳಿಯದಿದ್ದರೆ ಮರ ಒಣಗಿದೆ.

ಕೆಲಸಕ್ಕೆ ಬಾರದೆಂದು ಬಡಗಿಯವರು ತೆಗೆದಿಟ್ಟ ಮೊದಲನೆಯ ಹಲಗೆಯಿಂದ, ಬಿರುಕು, ಗಂಟು, ಕುಟ್ಟೆ ಎಲ್ಲವನ್ನೂ ಕಳೆದು, ೪೧ ತುಂಡುಗಳು ದೊರೆತವು. ದೊಡ್ಡಪ್ಪನವರು ಎರಡು ಸಲ ಎಣಿಸಿದರು.

ಯಾವ ಮರದಿಂದ ಏನು ಎಂಬುದು ಅನುಭವದಿಂದ ತಿಳಿಯತಕ್ಕದ್ದು. ಹಲಸು ಲಟ್ಟಣಿಗೆಗೆ, ಕಡಗೋಲಿಗೆ, ಕುಂಕುಮದ ಭರಣಿಗೆ ಚೆನ್ನ. ಕಡೆದಾಗ ಅರಿಸಿನದಂತೆ ಹೊಳೆಯುವ ಅದರ ಬಣ್ಣ ಬೆಳಕಿಗೆ ಕ್ರಮೇಣ ಕಂದಾಗುತ್ತದೆ. (ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕಲು ಹಲಸಿನ ಚಕ್ಕೆಯನ್ನು ಕುದಿಸುತ್ತಿದ್ದರೆಂಬುದನ್ನು ಇತಿಹಾಸದ ಮಿತ್ರರು ಇಲ್ಲಿ ನೆನೆಯಬಹುದು.) ಅಡಿಗೆಗೆ ಬಳಸುವ ವಸ್ತುವಿಗೆ ಕೊಬ್ಬರಿ ಎಣ್ಣೆಯ ಹೊರತು ಬೇರೇನನ್ನೂ ನಾನು ಹಚ್ಚಲಿಲ್ಲ. ಬೀಟೆ ಬಲು ಗಡಸು. ಉಳಿಯ ಹಿಡಿಗೆ, ಚದುರಂಗದ ಕರಿಯ ಕಾಯಿಗೆ ಅದಕ್ಕೆ ಸಮನಿಲ್ಲ. ಆದರೆ ಅದರ ಹುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆ, ಮೂಗಿನಲ್ಲಿ ಉರಿ ತರುತ್ತದೆ. ಮೂಗಿಗೆ ಬಟ್ಟೆ ಕಟ್ಟದೆ ಅದರ ತಂಟೆಗೆ ಹೋಗಬಾರದು. ಯಾರ ಅಟ್ಟದಲ್ಲಾದರೂ ಶ್ರೀಗಂಧದ ಕೊರಡಿದ್ದರೆ ಗರಗಸ ಹಿಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ. ೧೯೬೩ರ ಅರಣ್ಯ ಕಾಯಿದೆ ಆ ಮರದ ವಿಷಯದಲ್ಲಿ ಬಹಳ ಬಿಗಿ.

ಹಾಲೆ ಮರವೇ ಚನ್ನಪಟ್ಟಣದ ಜೀವ. ಗಾಯವಾದರೆ ಹಾಲು ಸುರಿಸುವ ಈ ಮರದ ಒಳಗು ದಂತದಂತೆ ಬೆಳ್ಳಗೆ, ಎಳೆಯೇ ಕಾಣದಷ್ಟು ನುಣುಪು. ಬೇಲಿಯ ಮರವೆಂದು ನಮ್ಮೂರಿನವರು ಸೌದೆಗೆ ಹಾಕುವ ಈ ತುಂಡುಗಳನ್ನು ಕಂಡು ಉಸ್ತಾದರ ಮುಖ ಅರಳಿತು. ಬಣ್ಣ ಏರುವುದು ಇದರ ಮೇಲೆಯೇ. ಬಣ್ಣವೆಂದರೆ ಕುಂಚದಿಂದ ಬಳಿಯುವುದಲ್ಲ. ಅರಗಿನ ಹುಳು ಕೊಂಬೆಯ ಮೇಲೆ ಸ್ರವಿಸುವ ಅರಗನ್ನು ಶುದ್ಧಮಾಡಿ, ಅರಿಸಿನ, ನೀಲಿ ಮೊದಲಾದ ಬಣ್ಣ ಬೆರೆಸಿ ಕಡ್ಡಿ ಮಾಡಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಶಾಖಕ್ಕೇ ಅರಗು ಕರಗಿ ಮೈಗೆ ಹತ್ತುತ್ತದೆ. ಅನಂತರ ಕೇದಗೆಯ ಒಣಗರಿಯನ್ನು ಒತ್ತಿ ಹಿಡಿಯಬೇಕು. ಗರೆಗರೆಯಾಗಿ ಹತ್ತಿದ್ದ ಬಣ್ಣ ಒಂದೇ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ನಾನು ಇದನ್ನು ನೂರು ಸಲವಾದರೂ ನೋಡಿದ್ದೇನೆ. ಆ ಹೊಳಪು ಮೂಡುವ ಕ್ಷಣದಲ್ಲಿ ಈಗಲೂ ಮಾತು ನಿಲ್ಲುತ್ತದೆ.

ತಪ್ಪುಗಳನ್ನು ಮುಚ್ಚಿಡುವುದು ಸರಿಯಲ್ಲ. ಜನವರಿಯಲ್ಲಿ ಮಂಚದ ಕಾಲಿನ ಒಂದು ತುಂಡನ್ನು ಪರೀಕ್ಷಿಸದೆ ಲೇತಿಗೇರಿಸಿದೆ. ಕೂದಲೆಳೆಯಂಥ ಬಿರುಕೊಂದು ಒಳಗಿತ್ತು. ತುಂಡು ಎರಡಾಗಿ ಸಿಡಿದು, ಒಂದು ಹೋಳು ನನ್ನ ಕಿವಿಯ ಪಕ್ಕದಲ್ಲಿ ಹಾದು ಗೋಡೆಯ ಗಾರೆಯನ್ನು ಕಿತ್ತಿತು. ಉಸ್ತಾದರು ಬೈಯಲಿಲ್ಲ, ಮೋಟಾರು ನಿಲ್ಲಿಸಿ ನನ್ನನ್ನು ಮನೆಗೆ ಕಳಿಸಿದರು. ಮುಂದಿನ ಭಾನುವಾರ ಕಲಿಸಿದ ಮೊದಲ ಪಾಠ ತಟ್ಟಿ ನೋಡುವುದು. ಎರಡು ಬೆರಳಲ್ಲಿ ತುಂಡನ್ನು ಸಡಿಲವಾಗಿ ಹಿಡಿದು ಇನ್ನೊಂದು ಮರದಿಂದ ತಟ್ಟಬೇಕು. ಗಟ್ಟಿ ಮರ ಟಣ್ ಎನ್ನುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ದನಿ. ಈಗ ನನಗೆ ಕನ್ನಡಕ ಹಾಕದೆ ಲೇತಿನ ಮುಂದೆ ನಿಲ್ಲುವ ಧೈರ್ಯವಿಲ್ಲ.

ಯುಗಾದಿಯ ಹೊತ್ತಿಗೆ ಅಟ್ಟ ಮುಕ್ಕಾಲು ಖಾಲಿಯಾಗಿತ್ತು. ೧೭ ಲಟ್ಟಣಿಗೆಗಳು, ೬೦ಕ್ಕೂ ಮಿಕ್ಕಿದ ಬುಗುರಿಗಳು, ಗಿಲಕಿಗಳು, ಭರಣಿಗಳು, ಒಂದು ಜೊತೆ ಚದುರಂಗದ ಕಾಯಿಗಳು. ಚದುರಂಗದ ಕಾಯಿಗಳಲ್ಲಿ ಕುದುರೆಗಳನ್ನು ಮಾತ್ರ ಕೈಯಿಂದ ಕೆತ್ತಬೇಕಾಯಿತು, ಅವು ಕತ್ತೆಗಳಂತಿವೆ. ಇವನ್ನು ನಮ್ಮ ಕಾಲೇಜಿನ ವಿರಾಮ ಕೊಠಡಿಯಲ್ಲಿ ನೋಡಬಹುದು. ಲಟ್ಟಣಿಗೆಗಳು ಬಂಧುಗಳ ಮನೆಗಳಿಗೆ ಹೋದವು. ಇಟ್ಟಿಗೆ ಗೂಡಿನ ಗಾಡಿ ಬಂದಾಗ ದೊಡ್ಡಪ್ಪನವರು ಮಾವಿನ ಹಲಗೆಗಳನ್ನಷ್ಟೇ ಹೇರಿಸಿ ಕಳಿಸಿದರು.

ಅಜ್ಜಿ ತಮ್ಮ ಪಾಲಿನ ಲಟ್ಟಣಿಗೆಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. “ಇದು ಹಿತ್ತಲ ಹಲಸೇನೋ?” ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಹಲಗೆ ಹಂಗೇ ಇರ್ಲಿ ಕಣಪ್ಪ, ಅದನ್ನ ಕುಯ್ಯಬ್ಯಾಡ,” ಎಂದರು. ಇದ್ದುದರಲ್ಲಿ ಚೆನ್ನಾದ ಒಂದನ್ನು ಆರಿಸಿ, ಅಂಚಿನ ಬಿಳಿಮರವನ್ನೆಲ್ಲ ಕೆತ್ತಿ, ಎರಡು ತುದಿಗಳಿಗೂ ಮೇಣ ಹಚ್ಚಿ, ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲೆ ಅವರ ಕೋಣೆಯ ಗೋಡೆಗೆ ಒರಗಿಸಿದ್ದೇನೆ. ಅಡಿಯಲ್ಲಿ ಕಪ್ಪು ಕಾಗದವಿದೆ. ಪ್ರತಿ ತಿಂಗಳೂ ಊರಿಗೆ ಹೋದಾಗ ನೋಡುತ್ತೇನೆ. ಈವರೆಗೆ ಹುಡಿ ಬಿದ್ದಿಲ್ಲ.